ಆರು ಅಂಕಿ

ಹೊಸ ಮನೆಯ ನೋಂದಣಿಗೆ ಆನ್‌ಲೈನ್ ಅರ್ಜಿ ತುಂಬಿಸಲು ಸೈಬರ್ ಸೆಂಟರಿಗೆ ಬಂದವಳಿಗೆ ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾಯಿತು: ಒಟಿಪಿ ಹೋಗಿದ್ದು ತಮ್ಮನ ಫೋನಿಗೆ! ಆಧಾರ್ ಮಾಡಿಸಿದ ಕಾಲದಲ್ಲಿ ಅವನ ನಂಬರನ್ನೇ ಕೊಟ್ಟಿದ್ದಳು. ಆಮೇಲೆ ಅಮ್ಮನ ಹೊಲಿಗೆ ಯಂತ್ರ ಯಾರಿಗೆಂದು ಜಗಳವಾಗಿ, ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಹಲ್ಲು ಕಚ್ಚಿಕೊಂಡು ಫೋನ್ ಮಾಡಿದಳು.

"ಒಂದು ನಂಬರ್ ಬಂದಿರುತ್ತೆ, ಹೇಳು."

ಅವನು ಹೇಳಿದ. ಇವಳು ಥಟ್ಟನೆ ಫೋನ್ ಇಟ್ಟಳು.

"ತಪ್ಪು ಅಂತ ಬರ್ತಿದೆ ಮೇಡಂ," ಎಂದರು ಸೆಂಟರಿನವರು.

ಎರಡನೆಯ ಸಲ ಅವನು, "ಮಂಡಿನೋವು ಹೇಗಿದೆ?" ಎಂದು ಕೇಳಿದ ಮೇಲೆಯೇ ಹೊಸ ನಂಬರ್ ಹೇಳಿದ್ದು. ಅದೂ ತಪ್ಪು.

"ಇನ್ನೊಂದು ಸಲ ತಪ್ಪಿದ್ರೆ ಇವತ್ತಿಗೆ ಲಾಕ್ ಆಗುತ್ತೆ, ನೋಡಿ."

ಮೂರನೆಯ ಸಲ, ಅರ್ಜಿ ಯಾತಕ್ಕೆಂದು ಕೇಳಿ, ಹೊಸ ಮನೆಗೆ ಎಷ್ಟು ಕಿಟಕಿ, ಅಡುಗೆಮನೆ ಯಾವ ದಿಕ್ಕಿಗೆ, ಎಲ್ಲ ವಿಚಾರಿಸಿಕೊಂಡ. ಗತಿಯಿಲ್ಲದೆ ಶುರುಮಾಡಿದವಳಿಗೆ ಹೇಳುತ್ತ ಹೇಳುತ್ತ ಹುರುಪೇ ಬಂತು. ಕೊನೆಗೆ ಅವನು ಆರು ಅಂಕಿಗಳನ್ನು ನಿಧಾನವಾಗಿ ಓದಿದ. ಅರ್ಜಿ ಸಲೀಸಾಗಿ ಮುಂದೆ ಹೋಯಿತು.

"ಎರಡು ಸಲ ತಪ್ಪು ಹೇಳಿದ್ಯಲ್ಲೋ, ಕಣ್ಣು ಮಂಜಾಗಿದ್ಯಾ ನಿಂಗೆ?"

"ಕಣ್ಣು ಚೆನ್ನಾಗೇ ಇದೆ ಅಕ್ಕ. ಮೊದಲ್ನೇ ಸಲಾನೇ ಸರಿಯಾಗಿ ಹೇಳಿದ್ರೆ ನೀನು ಮತ್ತೆ ಫೋನ್ ಮಾಡ್ತಿದ್ಯಾ?"