ದಿನ್ನೆಯ ಮೇಲಿನ ಬಿಳಿ ಬಟ್ಟೆ

ಇನ್ನೊಬ್ಬರ ಮನೆಯ ನೋವನ್ನು ಹೇಳಲು ಹೊರಟಿದ್ದೇನೆ. ಎಲ್ಲಾದರೂ ಎಡವಿದರೆ ಓದುವವರು ಕ್ಷಮಿಸಬೇಕು.

ಅಪ್ಪ ಏಳುವ ಮುಂಚೆಯೇ ಲಿಕೆಲೆಲಿ ಎದುರು ದಿನ್ನೆಯಿಂದ ಓಡೋಡಿ ವಾಪಸು ಬಂದಿದ್ದಳು. ಅಲ್ಲಿ ಕುರಿ ಕಾಯುವವರು ಬಿಟ್ಟುಹೋದ ಹಾಳು ಗುಡಿಸಲಿನ ಮುಂದೆ ಈಗೊಂದು ಗಳು ನಿಂತಿತ್ತು. ತುದಿಯಲ್ಲಿ ಹಿಟ್ಟಿನ ಚೀಲದ ಬಿಳಿ ಬಟ್ಟೆ. ಲೆಸೊಥೊದ ಆ ಬೆಟ್ಟದೂರುಗಳಲ್ಲಿ ಮನೆ ಮುಂದೆ ಬಿಳಿ ಬಾವುಟ ಏರಿತೆಂದರೆ ಒಳಗೆ ಜೋಳದ ಹೆಂಡ ಹದಕ್ಕೆ ಬಂದಿದೆ ಎಂದರ್ಥ. ಅದನ್ನು ಕಂಡ ಮೇಲೆ ಅಪ್ಪನ ಕಾಲು ಮನೆಯಲ್ಲಿ ನಿಂತದ್ದೇ ಇಲ್ಲ.

ಹದಿನೈದರ ಹುಡುಗಿಗೆ ಬೇಕಿದ್ದದ್ದು ಒಂದೇ ಒಂದು ಗಂಟೆ. ಅಷ್ಟರಲ್ಲಿ ತಮ್ಮ ಮೊಹಾಪಿಯನ್ನು ಹೊಳೆ ದಾಟಿಸಿ ಚಿಕ್ಕಮ್ಮನ ಮನೆ ಸೇರಿಸಬೇಕು. ಅವನಿಗಿನ್ನೂ ಆರು. ಮುರಿದ ಎಡಗೈಗೆ ನಿನ್ನೆಯಿಂದ ದಬ್ಬೆ ಕಟ್ಟಿದೆ.

ಅಪ್ಪ ಎದ್ದ. ಆ ಕೈಯನ್ನೇ ನೋಡಿದ.

"ಇದ್ಯಾರು ಮಾಡಿದ್ದು?"

"ನೀನೇ," ಎಂದಳು ಲಿಕೆಲೆಲಿ.

ಅವನು ತನ್ನ ಪಾಲಿನ ಮೆಕ್ಕೆಜೋಳದ ಮುದ್ದೆಯನ್ನು ಮುಟ್ಟದೆ ಮಗನ ಕಡೆ ತಳ್ಳಿದ. "ಪೂರ್ತಿ ತಿನ್ನೋ. ಏನೂ ಉಳಿಸಬೇಡ."

ಮೊಹಾಪಿ ಅಕ್ಕನ ಬೆನ್ನಿಗೆ ಅಂಟಿಕೊಂಡ.

"ಮೇಲ್ಗಡೆ ಮಳೆ ಆಗಿದೆ," ಅಪ್ಪ ಹೊರಗೆ ನೋಡುತ್ತ ಹೇಳಿದ. "ಮಧ್ಯಾಹ್ನದ ಹೊತ್ತಿಗೆ ಹೊಳೆ ತುಂಬುತ್ತೆ. ಆಮೇಲೆ ಒಂದು ಮೇಕೆ ಕೂಡ ದಾಟಲ್ಲ."

ಲಿಕೆಲೆಲಿ ತಮ್ಮನನ್ನು ಇನ್ನಷ್ಟು ಹಿಂದಕ್ಕೆ ಸರಿಸಿದಳು. ಇವನಿಗೆ ಗೊತ್ತಾಗಿದೆ!

"ನಮಗ್ಯಾಕಪ್ಪ ಹೊಳೆ ಮಾತು?"

"ಸುಮ್ನೆ ಹೇಳ್ದೆ. ಅದೇನೇ, ಬೆಕ್ಕು ಕಂಡ ಇಲಿ ಥರ ನಿಂತಿದ್ದೀಯ?" ಕಂಬಳಿ ಹೊದ್ದು, ದೊಣ್ಣೆ ಹಿಡಿದು ಬಾಗಿಲಿಗೆ ಬಂದ. ದಿನ್ನೆಯ ಕಡೆ ಬಹಳ ಹೊತ್ತು ನೋಡಿದ. "ಓಹೋ. ಅಲ್ಲೂ ಶುರು ಮಾಡಿದ್ರಾ? ಹೋಗ್ತೀನಿ. ಬರೋದು ತಡ ಆಗುತ್ತೆ."

ಅವನ ತಲೆ ತಿರುವಿನಲ್ಲಿ ಮರೆಯಾದದ್ದೇ ತಡ, ಅವಳು ತಮ್ಮನ ಬಲಗೈ ಹಿಡಿದು ಇಳಿಜಾರಿನಲ್ಲಿ ಓಡಿದಳು.

"ಅಕ್ಕಾ, ಮೆಲ್ಲಗೆ! ನಾನೇನು ಕುರಿಮರಿನಾ, ಹಿಂಗೆ ಎಳೆಯೋಕೆ?"

"ಕುರಿಮರಿ ಆಗಿದ್ರೆ ಇಷ್ಟು ಮಾತಾಡ್ತಿರಲಿಲ್ಲ. ನಡಿ."

ಹೊಳೆಯ ನಡುವೆ, ನೀರು ಮೊಣಕಾಲು ಮೀರಿದಾಗ, ಅವಳು ಹಿಂತಿರುಗಿ ನೋಡಿದಳು. ಅಪ್ಪ ದಿನ್ನೆ ಹತ್ತಿದ್ದ. ಆಗಲೇ ಗಾಳಿ ಬೀಸಬೇಕೆ? ಬೆಳಿಗ್ಗೆ ಅವಳು ಅವಸರದಲ್ಲಿ ಹಾಕಿದ್ದ ಗಂಟು ಬಿಚ್ಚಿಕೊಂಡು ಬಾವುಟ ನೆಲಕ್ಕೆ ಬಿತ್ತು.

ಅಪ್ಪ ಗುಡಿಸಲೊಳಗೆ ಇಣುಕಿದ. ಹೊಳೆಯ ಕಡೆ ತಿರುಗಿದ. ನಿಂತಲ್ಲಿಂದಲೇ ಇಬ್ಬರನ್ನೂ ನೋಡಿದ.

ಆಮೇಲೆ ಬಗ್ಗಿದ. ಕಲ್ಲು ಎತ್ತಿಕೊಳ್ಳುತ್ತಿದ್ದಾನೆ ಎಂದುಕೊಂಡು ಅವಳು ತಮ್ಮನನ್ನು ಎದೆಗವಚಿಕೊಂಡಳು.

ಅವನು ಎತ್ತಿಕೊಂಡದ್ದು ಬಟ್ಟೆಯನ್ನು. ಗಳುವನ್ನು ಕಿತ್ತು, ತುದಿಗೆ ಅದನ್ನು ಬಿಗಿಯಾಗಿ ಕಟ್ಟಿ, ಮತ್ತೆ ನೆಟ್ಟ. ಹೊಳೆಗೆ ಬೆನ್ನು ಹಾಕಿ ಅದರಡಿಯಲ್ಲೇ ಕೂತ.

ಮಗಳ ಉಪಾಯ ಅವನಿಗೆ ಆಗ ತಿಳಿಯಿತೋ, ಬೆಳಿಗ್ಗೆಯೇ ತಿಳಿದಿತ್ತೋ, ನನಗೆ ಗೊತ್ತಿಲ್ಲ.