ಆರ್ಡಿಸ್ ಬಾಗಿಲಿಗೆ ಬಂದ ನಾಲ್ವರು

ಬೇಲಿಯ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಲೊವೆಲ್ ಮೈಮೇಲಿನ ಬಿಳಿ ಹೊದಿಕೆಯನ್ನು ಎಳೆದು ತೆಗೆದ. ಭೂತದ ಸರದಿ ಮುಗಿದಿತ್ತು. ಇನ್ನು ಕಡಲ್ಗಳ್ಳ. ಮುಖವಾಡಕ್ಕಾಗಿ ಹುಲ್ಲಿನ ಮೇಲೆ ತಡಕಾಡುವಾಗ ಎಡಮಂಡಿ ಲಟಕ್ಕೆಂದಿತು. ಅರವತ್ತೊಂಬತ್ತರ ಮನುಷ್ಯ ಮಾಡುವ ಕೆಲಸವಲ್ಲ ಇದು. ಮಂಡಿಯ ಆಪರೇಷನ್ನನ್ನು ಅಕ್ಟೋಬರ್ ಮುಗಿಯಲಿ ಎಂದು ಅವನೇ ಮುಂದಕ್ಕೆ ಹಾಕಿಸಿದ್ದ. ಕಾರಣ ಕೇಳಿದ ಡಾಕ್ಟರಿಗೆ ಬಾಯಿಗೆ ಬಂದದ್ದೇನೋ ಹೇಳಿದ್ದ.

ಅಕ್ಟೋಬರ್ ಮೂವತ್ತರ ಸಂಜೆ ಡೆ ಮೊಯ್ನ್‌ನ ಮಕ್ಕಳು ವೇಷ ಹಾಕಿಕೊಂಡು ಮನೆಮನೆ ಸುತ್ತುವುದು ಹಳೆಯ ಪದ್ಧತಿ. ಬೇರೆ ಊರುಗಳ ಹ್ಯಾಲೋವೀನಿನಲ್ಲಿ ಸುಮ್ಮನೆ ಚೀಲ ಒಡ್ಡಿದರೂ ಸಿಹಿ ಬೀಳುತ್ತದೆ. ಇಲ್ಲಿ ಮೊದಲು ಜೋಕು ಹೇಳಬೇಕು. ಲೊವೆಲ್ ಹುಡುಗನಾಗಿದ್ದಾಗ ಮನೆಯಲ್ಲೇ ಕಟ್ಟಿದ ಜೋಳದರಳಿನ ಉಂಡೆ, ಹಿತ್ತಲ ಸೇಬು ಕೊಡುತ್ತಿದ್ದರು. ಆಮೇಲೆ ಸೇಬಿನಲ್ಲಿ ಬ್ಲೇಡಿದೆ ಎಂದು ಯಾರೋ ಸುದ್ದಿ ಹಬ್ಬಿಸಿದರು, ಅಂಗಡಿಯ ಪೊಟ್ಟಣಗಳು ಬಂದವು. ಆಮೇಲೆ ಅಪ್ಪ ಅಮ್ಮಂದಿರು ಕಾರಿನಲ್ಲಿ ಹಿಂದೆ ಹಿಂದೆಯೇ ಬರತೊಡಗಿದರು. ಈಗ ಚರ್ಚಿನ ಅಂಗಳದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಡಿಕ್ಕಿ ತೆರೆದಿಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಮಕ್ಕಳ ಚೀಲ ತುಂಬುತ್ತದೆ. ಜೋಕು ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಹಳೆಯ ಪದ್ಧತಿ ಹಿಡಿದು ಬೀದಿಯಲ್ಲಿ ಉಳಿದದ್ದು ಎದುರುಮನೆಯ ಆರ್ಡಿಸ್ ಒಬ್ಬಳೇ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬಡಿಸಿದವಳು. ಮೂರು ವರ್ಷದ ಹಿಂದೆ ಇದೇ ಸಂಜೆ ನಲವತ್ತು ಉಂಡೆ ಕಟ್ಟಿ, ಮಕ್ಕಳು ಬರಬಹುದು ಎಂಬ ಗುರುತಿಗೆ ಜಗುಲಿಯ ದೀಪ ಹಚ್ಚಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕಾದಿದ್ದಳು. ಒಂದು ಮಗುವೂ ಬರಲಿಲ್ಲ. ಲೊವೆಲ್ ಅದನ್ನೆಲ್ಲ ಕಿಟಕಿಯಿಂದ ನೋಡಿದ್ದ.

“ಮುಗೀತು ಲೊವೆಲ್,” ಎಂದಳು ಮರುದಿನ. “ಮುಂದಿನ್ ವರ್ಷ ದೀಪ ಹಚ್ಚಲ್ಲ.”

“ಇನ್ನೊಂದ್ ವರ್ಷ ನೋಡು ಆರ್ಡಿಸ್. ಮಕ್ಕಳು ಬಂದೇ ಬರ್ತಾರೆ.”

ಆ ಮಾತನ್ನು ಉಳಿಸಿಕೊಳ್ಳಲು ಮರುವರ್ಷದಿಂದ ಅವನೇ ಮಕ್ಕಳಾದ. ಅಂಚೆ ಹಂಚುತ್ತಿದ್ದ ಕಾಲದಿಂದಲೂ ಅವನ ಐದಡಿ ಎತ್ತರ ಇಡೀ ಪೇಟೆಗೆ ನಗೆಪಾಟಲು. ಅದು ಉಪಯೋಗಕ್ಕೆ ಬಂದದ್ದು ಆಗಲೇ ಮೊದಲು.

ಈ ಸಲ ಮಾತ್ರ ಸಿಕ್ಕಿಬೀಳುವ ಭಯವಿತ್ತು. ಬೇಸಿಗೆಯಲ್ಲಿ ಆರ್ಡಿಸ್ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಭೂತವೇನೋ ಪಾರಾಗಿತ್ತು, ಅದಕ್ಕೆ ತಲೆಯಿಂದ ಕಾಲಿನವರೆಗೆ ಹೊದಿಕೆ. ಕಡಲ್ಗಳ್ಳನ ಕತ್ತು, ಕೈ ಎಲ್ಲ ಬಯಲು.

ಕರೆಗಂಟೆ ಒತ್ತಿದ. ಬಾಗಿಲು ತೆರೆಯಿತು.

“ಬಾ ಮರಿ. ಕಡಲ್ಗಳ್ಳನಾ ನೀನು? ಎಲ್ಲಿ, ಜೋಕು ಹೇಳು.”

ಲೊವೆಲ್ ದನಿಯನ್ನು ಕೀರಲು ಮಾಡಿದ. “ಅಸ್ಥಿಪಂಜರ ಯಾಕೆ ಯಾರ ಮೇಲೂ ಹೊಟ್ಟೆಕಿಚ್ಚು ಪಡಲ್ಲ?”

“ಯಾಕಪ್ಪಾ?”

“ಹೊಟ್ಟೇನೇ ಇಲ್ವಲ್ಲ.”

ಆರ್ಡಿಸ್ ಬಾಗಿಲು ಹಿಡಿದುಕೊಂಡು ನಕ್ಕಳು. “ಈಗ್ತಾನೇ ಒಂದು ಭೂತ ಬಂದಿತ್ತು. ಭೂತಕ್ಕೆ ಯಾವ ಕಾಲ ಇಷ್ಟ ಅಂತ ಕೇಳ್ತು. ಭೂತಕಾಲವಂತೆ. ನಿಮ್ಮಣ್ಣನಾ ಅದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಲೊವೆಲ್‌ನ ಕೈ ಮುಖವಾಡಕ್ಕೆ ಹೋಯಿತು. “ಅಲ್ಲ. ಅವ್ನು ಬೇರೆ ಬೀದಿಯವ್ನು.”

“ಹೌದಾ? ದನಿ ಒಂದೇ ಥರ ಇತ್ತು. ಊರಿಗೆಲ್ಲ ನೆಗಡಿ ಅಂತ ಕಾಣುತ್ತೆ.” ಚೀಲಕ್ಕೆ ಎರಡು ಉಂಡೆ ಹಾಕಿದಳು. “ತಿನ್ನು, ಏನೂ ಆಗಲ್ಲ. ಸಕ್ಕರೆ ಕಮ್ಮಿ ಹಾಕಿದೀನಿ. ಮೆಟ್ಟಿಲು ನಿಧಾನ. ಕಂಬಿ ಹಿಡ್ಕೊಂಡು ಇಳಿ.”

ಮೆಟ್ಟಿಲಿನ ಪಕ್ಕದ ಕಂಬಿ ಹೊಸದು, ಹೋದ ತಿಂಗಳಷ್ಟೇ ಹಾಕಿಸಿದ್ದು. ಪಾಪ, ವಯಸ್ಸಾಯಿತಲ್ಲ ಇವಳಿಗೂ ಎಂದುಕೊಳ್ಳುತ್ತಾ ಲೊವೆಲ್ ಅದನ್ನು ಹಿಡಿದು ಇಳಿದ. ಪೊರೆ ತೆಗೆದ ಡಾಕ್ಟರಿಗೆ ಕೈ ಸಾಲದು ಎಂದೂ ಅನ್ನಿಸಿತು.

ಧೈರ್ಯ ಬಂತು. ಮಾಟಗಾತಿಯಾಗಿ ಹೋದ. ಬೆದರುಬೊಂಬೆಯಾಗಿ ಹೋದ. ಒಂದು ಜೋಕಿನ ಕೊನೆಯೇ ಮರೆತು ತೊದಲಿದಾಗ ಆರ್ಡಿಸ್ ತಾನೇ ಅದನ್ನು ಮುಗಿಸಿಕೊಟ್ಟು ತಾನೇ ನಕ್ಕಳು. ನಗುವಾಗ ಅವಳ ಮುಖ ಬೆಳಗುವುದನ್ನು ಮುಖವಾಡದ ತೂತಿನಿಂದ ಲೊವೆಲ್ ನೋಡಿದ. ಈ ಸಂಜೆಯೊಂದಿಲ್ಲದಿದ್ದರೆ ಇವಳ ಗತಿಯೇನು? ಮಂಡಿ ಹೋದರೆ ಹೋಗಲಿ, ಬರುವ ವರ್ಷ ಐದು ವೇಷ.

ಎಂಟಕ್ಕೆ ಇನ್ನೇನು ಐದು ನಿಮಿಷ. ಬೇಲಿಯ ಹಿಂದೆ ಅವನು ವೇಷಗಳನ್ನು ಗಂಟು ಕಟ್ಟುತ್ತಿದ್ದಾಗ ಆರ್ಡಿಸ್ ಫೋನು ಹಿಡಿದು ಜಗುಲಿಗೆ ಬಂದು ಕೂತಳು. ಅರಿಜೋನಾದಲ್ಲಿರುವ ಅಕ್ಕ ಮೇವಿಸ್ ಜೊತೆ ಮಾತು. ಲೊವೆಲ್ ಉಸಿರು ಬಿಗಿಹಿಡಿದ.

“ಹುಟ್ಟುಹಬ್ಬದ ಶುಭಾಶಯ ಅಕ್ಕ. ಗೊತ್ತು, ಗೊತ್ತು. ಎಂಬತ್ತಕ್ಕಾದ್ರೂ ಬರ್ತೀನಿ ಅಂದಿದ್ದೆ. ಈ ಸಲಾನೂ ಆಗ್ಲಿಲ್ಲ.”

ಲೊವೆಲ್ ಕತ್ತಲಲ್ಲೇ ತಲೆಯಾಡಿಸಿದ. ಮಕ್ಕಳಿಗೋಸ್ಕರ ಒಡಹುಟ್ಟಿದವಳನ್ನೇ ಬಿಟ್ಟು ಕೂತಿದ್ದಾಳೆ, ಎಂಥ ಹೆಂಗಸು.

“ಮಕ್ಕಳಾ?” ಎಂದಳು ಆರ್ಡಿಸ್. “ಮಕ್ಕಳು ಇತ್ತ ಸುಳಿದು ನಾಲ್ಕು ವರ್ಷ ಆಯ್ತು. ಉಂಡೆ ಕಟ್ಟಿ ಕಟ್ಟಿ ನನ್ನ ಕೈಬೆರಳೂ ಸೋತವು. ಆದ್ರೆ ದೀಪ ಆರಿಸಿ ನಿನ್ನ ಹತ್ರ ಬಂದ್ಬಿಟ್ರೆ, ಎದುರುಮನೆ ಲೊವೆಲ್ ಪಾಪ, ಅಷ್ಟೊಂದು ವೇಷ ಹೊತ್ಕೊಂಡು ಇನ್ಯಾರ ಬಾಗಿಲಿಗೆ ಹೋಗ್ತಾನೆ?”