ಕಿವಿಗೆ ಹಿಡಿದ ಕಾಯಿ

"ನಿಮ್ಮ ಮಗಳಿಗೆ ಮಾತು ಬರಲ್ವಾ, ಇಲ್ಲಾ ಧಿಮಾಕಾ? ಹೇಳಮ್ಮಾ, ಲೈವ್ ಇದೆ!" ಯೂಟ್ಯೂಬ್ ಚಾನೆಲ್ಲಿನವನು ತಿಪಟೂರಿನ ಕೊಬ್ಬರಿ ಶೆಡ್ಡಿಗೇ ನುಗ್ಗಿ, ಕೋಲಿಗೆ ಸಿಕ್ಕಿಸಿದ ಮೊಬೈಲಿನಲ್ಲಿ ಇಬ್ಬರೂ ಕಾಣುವಂತೆ ಭೈರಮ್ಮನ ಪಕ್ಕ ನಿಂತಿದ್ದ.

ಭೈರಮ್ಮ ಮಗಳ ಕಡೆ ತಿರುಗಿದಳು. ಸೌಂದರ್ಯ ಸ್ಪರ್ಧೆಯ ವೇದಿಕೆಯಲ್ಲಿ ತೀರ್ಪುಗಾರರು ಪ್ರಶ್ನೆ ಕೇಳಿದಾಗ ಮಗಳು ಪವಿತ್ರಾ ತಲೆ ವಾಲಿಸಿ, ಕಣ್ಣು ಅರೆಮುಚ್ಚಿ ನಿಂತುಬಿಟ್ಟಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಸಮಯ ಮುಗಿದಿತ್ತು. ಆ ವಿಡಿಯೊ ನೋಡಿದವರೆಲ್ಲ ಅಹಂಕಾರಿ ಎಂದು ಉಗಿಯುತ್ತಿದ್ದರು. ಸ್ವತಃ ಭೈರಮ್ಮನೇ "ಏನಾರ ಒಂದು ಒದರಿ ಬರಕ್ಕೇನಾಗಿತ್ತೇ ನಿಂಗೆ?" ಎಂದು ಬೈದಿದ್ದಳು. ಮೂರು ದಿನದಿಂದ ಹುಡುಗಿ ತುಟಿ ಬಿಚ್ಚಿರಲಿಲ್ಲ.

ಈಗಲೂ ಗೋಡೆಯ ಬದಿಯಲ್ಲಿ ಕೂತು ಸುಲಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗೆ ಕೊಬ್ಬರಿ ಗಡಗಡ ಎಂದರೆ ಒಡೆಯಬಹುದು, ನೀರು ಕುಲುಕಿದರೆ ಇನ್ನೂ ಒಣಗಬೇಕು. ಅವಳ ತಲೆ ವಾಲಿತ್ತು. ಕಣ್ಣು ಅರೆಮುಚ್ಚಿತ್ತು. ವೇದಿಕೆಯ ಮೇಲೂ ಹೀಗೇ ನಿಂತಿದ್ದಳಲ್ಲ ಎಂದು ಭೈರಮ್ಮನಿಗೆ ಹೊಳೆಯಿತು. ಆರನೇ ವಯಸ್ಸಿಗೇ ಹೀಗೆ ಕೇಳುವುದನ್ನು ಕಲಿಸಿದವಳು ತಾನೇ.

ಒಂದು ಕಾಯಿ ಎತ್ತಿ ಚಾನೆಲ್ಲಿನವನ ಕಿವಿಗೆ ಹಿಡಿದು ಅಲ್ಲಾಡಿಸಿದಳು. "ಒಣಗೈತಾ, ನೀರೈತಾ? ಬ್ಯಾಗ ಹೇಳಪ್ಪ, ಲೈವ್ ಐತೆ!"

ಅವನು ಕಿವಿಗೊಟ್ಟ. ತಲೆ ಮೆಲ್ಲಗೆ ವಾಲಿತು, ಕಣ್ಣು ಅರೆಮುಚ್ಚಿತು. ಮೊಬೈಲು ಅದನ್ನೆಲ್ಲ ತೋರಿಸುತ್ತಲೇ ಇತ್ತು.

"ಹೇಳಯ್ಯಾ!" ಭೈರಮ್ಮ ಗದರಿದಳು.

"ಇರವ್ವ," ಗೋಡೆಯ ಕಡೆಯಿಂದ ಪವಿತ್ರಾ ಅಂದಳು. "ಕೇಳಿಸ್ಕೊಳ್ಲಿ."